ಪೈನ್ ಮರದ ತೊಗಟೆಯೊಳಗೆ ಊಟಕ್ಕೆ ಕುಳಿತವರಿಗೆ

ಮಾನ್ಯ ತೊಗಟೆ ದುಂಬಿಯವರೇ,

ತಾವು ಸಕುಟುಂಬ ಸಪರಿವಾರ ಕ್ಷೇಮವೆಂದು ನಂಬಿದ್ದೇನೆ. ನಂಬದೆ ಏನು, ನಮ್ಮ ಮನೆಗೂ ನನ್ನ ಓರಗಿತ್ತಿಯ ಮನೆಗೂ ನಡುವಿನ ಪೈನ್ ಮರ ಸೊರಗಿರುವುದನ್ನು ನೋಡಿದರೆ ತಮ್ಮ ಊಟಕ್ಕೆ ಕೊರತೆಯಿಲ್ಲವೆಂದು ಕಣ್ಣಿಗೇ ಕಾಣುತ್ತದೆ.

ನಾನು ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು. ತಮ್ಮ ಹೊಟ್ಟೆಯ ವೈಭವ ನನಗೆ ಗೊತ್ತಿರಲಿಲ್ಲ. ಮೊನ್ನೆ ಮರಗಳ ಡಾಕ್ಟರು ತೊಗಟೆ ಎಬ್ಬಿಸಿ, ಮರ ಉಳಿಯುವುದಿಲ್ಲವೆಂದು ಹೇಳಿ, ಭೂತಗನ್ನಡಿ ಹಿಡಿದು ವಿವರಿಸಿದಾಗ ಕೈ ಮುಗಿಯಬೇಕೆನಿಸಿತು. ಅಕ್ಕಿ ಕಾಳಿನಷ್ಟು ಮೈಯಲ್ಲಿ ದೇವರು ಏನೆಲ್ಲ ಇಟ್ಟಿದ್ದಾನೆ! ಬಾಯಲ್ಲಿ ಅಗಿದದ್ದು ಸಾಲದೆಂದು ಗಂಟಲಾಚೆ ಇನ್ನೊಂದು ಹಲ್ಲಿನ ಗಿರಣಿ. ಅಲ್ಲಿ ನುರಿದ ಒಳತೊಗಟೆಯನ್ನು ಅರಗಿಸಲು ಕರುಳಲ್ಲಿ ಕಣ್ಣಿಗೆ ಕಾಣದ ಜೀವಿಗಳ ಸಹಾಯ. ಮರ ತಮ್ಮನ್ನು ಓಡಿಸಲೆಂದು ಸುರಿಸಿದ ಅಂಟನ್ನೇ ಹೊಟ್ಟೆಯಲ್ಲಿ ಘಮವಾಗಿಸಿ, ಬಂಧುಬಳಗವನ್ನೆಲ್ಲ ಊಟಕ್ಕೆ ಕರೆಯುತ್ತೀರಂತೆ. ಮೂವತ್ತು ವರ್ಷ ಒಲೆಯ ಮುಂದೆ ಬೆಂದ ನಾನು ಇಷ್ಟು ಸಂತೋಷದಿಂದ ನೆಂಟರನ್ನು ಕರೆದವಳಲ್ಲ.

ಉಣ್ಣಿ, ಬೇಡವೆನ್ನಲು ನಾನ್ಯಾರು? ಆದರೆ ತೂತಿನಿಂದ ತಾವು ಹೊರತಳ್ಳುವ ಆ ಕೆಂಪು ಪುಡಿ ಬೈರಿಗೆಯಿಂದ ಕೊರೆದ ಪುಡಿಯ ಹಾಗೆಯೇ ಇರಬೇಕಿತ್ತೇ? ಅಡುಗೆಮನೆಗೆ ಬೆಳಕಿಲ್ಲವೆಂದು ಯಾವಾಗಲೂ ಗೊಣಗುವ ಓರಗಿತ್ತಿಯೇ ಮರ ಒಣಗಿಸಲು ಬೈರಿಗೆ ಹಾಕಿದ್ದಾಳೆಂದು ಬೀದಿಯಲ್ಲಿ ನಿಂತು ದೇವರಾಣೆ ಇಟ್ಟು ಕೂಗಿಬಿಟ್ಟೆ. "ಅಕ್ಕಾ, ಬೈರಿಗೆನ ಯಾವ ಕಡೆಯಿಂದ ಹಿಡೀತಾರೆ ಅಂತಾನೂ ನನಗೆ ಗೊತ್ತಿಲ್ಲ" ಎಂದವಳು ಇಪ್ಪತ್ತೆರಡು ದಿನದಿಂದ ಮಾತು ಬಿಟ್ಟಿದ್ದಾಳೆ. ಸುಳ್ಳು ಆಣೆ ಇಟ್ಟ ಬಾಯಿಂದ ಪ್ರಾರ್ಥನೆ ಹೇಳಲು ನನಗೂ ನಾಲಿಗೆ ಏಳುತ್ತಿಲ್ಲ.

ಆದ್ದರಿಂದ ತಮ್ಮಲ್ಲಿ ಹಿರಿಯರೊಬ್ಬರು, ಊಟದ ನಡುವೆ ಬಿಡುವಾದಾಗ, ಅವಳ ಬಾಗಿಲಿಗೆ ಹೋಗಿ ಕೊರೆದವರು ತಾವೇ ಎಂದು ಒಪ್ಪಿಕೊಳ್ಳಬೇಕಾಗಿ ಬಿನ್ನಹ. ನಂಬದಿದ್ದರೆ ಗಂಟಲಾಚೆಯ ಹಲ್ಲು ತೋರಿಸಿ. ಇನ್ನು ಮುಂದೆ ಪುಡಿಯನ್ನು ನೀಲಿ ಬಣ್ಣದಲ್ಲಿ ಹೊರಹಾಕಿದರೆ ನನ್ನಂಥ ದುಡುಕಿನವರಿಗೆ ಉಪಕಾರವಾದೀತು. ಹೋಗಿ ತಪ್ಪೊಪ್ಪಿಕೊಳ್ಳಲು ನನಗೆ ಕಾಲಿಲ್ಲವೆಂದಲ್ಲ. ಅವಳು ನನಗಿಂತ ಚಿಕ್ಕವಳು, ಅಷ್ಟೇ.

ತಮ್ಮ ವಿಶ್ವಾಸಿ,
ಮರದ ಈಚೆ ಮನೆಯ ಹಿರಿಸೊಸೆ

ತಾ.ಕ.: ಈ ಪತ್ರವನ್ನು ತಮ್ಮ ಮರಕ್ಕೇ ದಾರದಿಂದ ಕಟ್ಟಿದ್ದೆ. ತಮಗಿಂತ ಮೊದಲು ಓರಗಿತ್ತಿ ಓದಿ, ಕಿಟಕಿಯಿಂದಲೇ ಬಾಯಿ ತೆರೆದಳು: "ಹುಳಕ್ಕೆ ಇಷ್ಟು ಮರ್ಯಾದೆ ಕೊಡೋಕೆ ಬರುತ್ತಲ್ಲಕ್ಕಾ, ನನಗೊಂದು 'ತಪ್ಪಾಯ್ತು ಕಣೇ' ಅನ್ನೋಕೆ ಏನಾಗಿತ್ತು ನಿನಗೆ?" ಹೇಳಿಬರಲು ಹೊರಟಿದ್ದೇನೆ, ತಾವು ಏಳುವ ತೊಂದರೆ ತೆಗೆದುಕೊಳ್ಳಬೇಡಿ. ಮರ ಕಡಿದು ಸುಡುವವರು ಬರುವುದು ಶುಕ್ರವಾರ, ಅಲ್ಲಿಯವರೆಗೆ ನಿಧಾನವಾಗಿ ಅಗಿದು ತಿನ್ನಿ.