ನನ್ನ ಎಂಜಿನ್ ಗಾಡಿಯ ದಿಗ್ವಿಜಯ

ಎಪ್ಪತ್ತೊಂದನೆಯ ವಯಸ್ಸಿನಲ್ಲಿ ನಾನೊಂದು ಭೀಷ್ಮ ಪ್ರತಿಜ್ಞೆ ಮಾಡಿದೆ. ಇನ್ನು ಮುಂದೆ ಕಾರು ರಿಪೇರಿಯ ಈ ಎಲಿಗಿಯೊ ಮೇಸ್ತ್ರಿ ಒಂದು ಎಂಜಿನ್ ಸಾಗಿಸುವುದಕ್ಕೆ ಆರು ಜನರ ಹೆಗಲಿಗೆ ಕೈಮುಗಿಯುವುದಿಲ್ಲ!

ನಮ್ಮ ಬಂದರೂರು ಸಾಂಟಿಯಾಗೊದಲ್ಲಿ ಎಂಜಿನ್ ಸಾಗಿಸುವ ಪದ್ಧತಿ ಒಂದೇ. ಒಂದು ಕಬ್ಬಿಣದ ಪೈಪು, ಒಂದು ಸರಪಳಿ, ಆರು ಗಂಡಸರು. ಮುಂದೆ ಮೂವರು, ಹಿಂದೆ ಮೂವರು, ನಡುವೆ ಎಂಜಿನ್ ಬಲಿಗೆ ಹೊರಟ ಹಂದಿಯ ಹಾಗೆ ತೂಗಾಡುತ್ತಿರುತ್ತದೆ. ಹತ್ತು ಹೆಜ್ಜೆಗೊಮ್ಮೆ ಇಳಿಸುತ್ತಾರೆ. ಇಳಿಸಿದಾಗೆಲ್ಲ ರಮ್ ಕೇಳುತ್ತಾರೆ. ಎಂಜಿನ್ ಸೇರಬೇಕಾದ ಜಾಗ ಸೇರುವ ಹೊತ್ತಿಗೆ ಅಲ್ಲಿ ನೆಟ್ಟಗೆ ನಿಂತಿರುವುದು ಎಂಜಿನ್ ಒಂದೇ!

ಈ ಸಲ ಆ ಆಟ ನಡೆಯುವಂತಿರಲಿಲ್ಲ. ಮೊಮ್ಮಗಳು ಯಾನೆಲಿಸ್‌ಗೆ ಹದಿನೈದು ತುಂಬುತ್ತಿತ್ತು. ಹುಡುಗಿಗೆ ಹದಿನೈದು ಎಂದರೆ ನಮ್ಮಲ್ಲಿ ಮದುವೆಗಿಂತ ಒಂದು ಕೈ ಮೇಲೆ. ಉಬ್ಬಿದ ಗುಲಾಬಿ ಗೌನು ತೊಟ್ಟು, ತಲೆಗೆ ಕಿರೀಟವಿಟ್ಟು, ಚಾವಣಿ ತೆಗೆದ ಹಳೇ ಕಾರಿನಲ್ಲಿ ಊರ ಮುಂದೆ ಮೆರೆಯಬೇಕು. ಅವಳಮ್ಮ ಮೆರೆದದ್ದೂ ನನ್ನ ಐವತ್ನಾಲ್ಕನೇ ಇಸವಿಯ ಶೆವ್ರೊಲೆ ಕಾರಿನಲ್ಲೇ. ಜುಲೈ ಮೊದಲ ಶನಿವಾರ, ಸಂಜೆ ನಾಲ್ಕಕ್ಕೆ ಮುಹೂರ್ತ. ಕಾರು ಮಿಂದೆದ್ದ ಮದುಮಗನ ಹಾಗೆ ಹೊಳೆಯುತ್ತಿತ್ತು. ಒಂದೇ ಒಂದು ಸಣ್ಣ ಕೊರತೆ: ಅದರ ಎಂಜಿನ್ ನಮ್ಮ ಮನೆಯ ಹಜಾರದಲ್ಲಿತ್ತು.

ಬಿಚ್ಚಿ, ತೊಳೆದು, ಹೊಸದಾಗಿ ಜೋಡಿಸಿ ಮೂರು ತಿಂಗಳಾಗಿತ್ತು. ನನ್ನ ಹೆಂಡತಿ ಒಬ್ದುಲಿಯಾ ಅದರ ಮೇಲೆ ಕಸೂತಿ ಬಟ್ಟೆ ಹೊದಿಸಿ ಹೂದಾನಿ ಇಟ್ಟಿದ್ದಳು. ಬಂದ ನೆಂಟರು ಹೊಸ ಮೇಜೆಂದು ತಿಳಿದು ಕಾಫಿ ಲೋಟ ಇಡುತ್ತಿದ್ದರು.

ಕಾರು ಇದ್ದದ್ದು ನಲವತ್ತು ಹೆಜ್ಜೆ ಕೆಳಗೆ, ಗೆಳೆಯ ನೊರ್ಬೆರ್ತೊನ ಮಾವಿನ ಮರದಡಿ. ಎಂಜಿನ್ ಎತ್ತುವ ಸರಪಳಿ ರಾಟೆ ತೂಗುಹಾಕಿದ್ದು ಆ ಮರಕ್ಕೇ. ನಲವತ್ತು ಹೆಜ್ಜೆ ಏನು ಮಹಾ ಎನ್ನಬೇಡಿ. ನಮ್ಮ ಬೀದಿ ಇಳಿಜಾರು. ಎಂಥ ಇಳಿಜಾರೆಂದರೆ, ಇಲ್ಲಿ ಕೈಜಾರಿದ ಕಿತ್ತಳೆಯನ್ನು ಬಂದರಿನಲ್ಲಿ ಹೋಗಿ ಹೆಕ್ಕಿಕೊಳ್ಳಬೇಕು!

"ಒಂದು ಗಾಡಿ ಮಾಡ್ತೀನಿ," ಎಂದೆ. "ಎಂಜಿನ್ ಕೂರಿಸಿದರೆ ಒಬ್ಬನೇ ಒಂದು ಬೆರಳಲ್ಲಿ ತಳ್ಕೊಂಡು ಹೋಗೋ ಅಂಥದ್ದು."

"ಹೋದ ವರ್ಷ ಕಾಫಿ ಹುರಿಯೋ ಯಂತ್ರ ಮಾಡಿದ್ರಲ್ಲ, ಅಂಥದ್ದಾ?" ಎಂದಳು ಒಬ್ದುಲಿಯಾ.

"ಅದು ಬೇರೆ ವಿಷಯ."

"ಹೌದ್ರೀ, ಅದು ಬರೀ ಪರದೆ ಸುಟ್ಟಿತ್ತು."

ಅಂದಿನಿಂದ ನನ್ನ ಕಣ್ಣು ನೆಲ ಬಿಟ್ಟು ಮೇಲೇಳಲಿಲ್ಲ. ಶಾಲೆಯ ಮೆಟ್ಟಿಲನ್ನು ಮೂರೇ ವರ್ಷ ಹತ್ತಿದವನು ನಾನು. ಕಲಿತದ್ದೆಲ್ಲ ಕುಕ್ಕರಗಾಲಲ್ಲಿ ಕೂತು ನೋಡಿ ಕಲಿತದ್ದು. ಚಕ್ರ ಕಂಡಲ್ಲೆಲ್ಲ ಕೂತೆ. ಕೂಸಿನ ತಳ್ಳುಗಾಡಿಯ ಅಡಿ ಇಣುಕಿ ತಾಯಂದಿರಿಂದ ಬೈಸಿಕೊಂಡೆ. ಚರ್ಚಿನಲ್ಲಿ ಎಲ್ಲರೂ ಕಣ್ಣು ಮುಚ್ಚಿದ್ದಾಗ ನಾನು ಪಿಯಾನೊದ ಕೆಳಗೆ ಅಂಗಾತ ಮಲಗಿದ್ದೆ. ಬಟಾಣಿಯಷ್ಟು ಚಕ್ರ ಅಷ್ಟು ದೊಡ್ಡ ಪೆಟ್ಟಿಗೆಯನ್ನು ಹೇಗೆ ಹೊರುತ್ತದೆ? ಸೋಜಿಗವಲ್ಲವೇ!

"ರೀ, ನೀವು ಪ್ರಾರ್ಥನೆಗೆ ಬಂದ್ರೋ, ಪಿಯಾನೊಗೆ ಹೆರಿಗೆ ಮಾಡ್ಸೋಕೆ ಬಂದ್ರೋ?" ಒಬ್ದುಲಿಯಾ ನನ್ನ ಕಾಲು ಹಿಡಿದು ಎಳೆದಳು.

ನಗಬೇಡಿ, ನಾನು ಕಂಡುಕೊಂಡ ಸತ್ಯಗಳು ಪುಸ್ತಕದಲ್ಲಿ ಸಿಗುವಂಥವಲ್ಲ. ಸಣ್ಣ ಚಕ್ರಕ್ಕೆ ಸಣ್ಣ ಕಲ್ಲೂ ಬೆಟ್ಟ. ನಮ್ಮ ಹೈಕಳು ಹಲಗೆಗೆ ಬೇರಿಂಗ್ ಸಿಕ್ಕಿಸಿ ಬೀದಿಯಲ್ಲಿ ಜಾರುತ್ತಾರಲ್ಲ, ಆ ಉಕ್ಕಿನ ಚಕ್ರ ಚೆನ್ನಾಗಿ ಓಡುತ್ತದೆ, ಆದರೆ ಮನೆಯ ನೆಲವನ್ನು ಕಚ್ಚುತ್ತದೆ. ರಬ್ಬರ್ ಚಕ್ರ ಕಚ್ಚುವುದಿಲ್ಲ. ಆದರೆ ಬಹಳ ದಿನ ಭಾರ ಹೊತ್ತು ನಿಂತರೆ ಒಂದು ಕಡೆ ಚಪ್ಪಟೆಯಾಗುತ್ತದೆ, ಕುರ್ಚಿ ಬಿಟ್ಟೇಳದ ನನ್ನ ಭಾವಮೈದುನನ ಹಾಗೆ.

ಕೊನೆಗೆ ಮುಚ್ಚಿಹೋದ ಬೇಕರಿಯೊಂದರ ಬ್ರೆಡ್ ಕಪಾಟಿನ ಅಡಿಯಲ್ಲಿ ನನ್ನ ಭಾಗ್ಯ ಕಂಡಿತು. ಅಂಗೈ ಅಗಲದ ನಾಲ್ಕು ಗಟ್ಟಿ ಚಕ್ರ! ಒಂದೊಂದೂ ತನ್ನ ಗೂಟದ ಮೇಲೆ ಸುತ್ತಲೂ ತಿರುಗುತ್ತಿತ್ತು. ಎರಡು ಕೋಳಿ ಕೊಟ್ಟು ತಂದೆ. ಚೌಕಟ್ಟಿಗೆ ನನ್ನ ಅತ್ತೆಯ ಕಬ್ಬಿಣದ ಮಂಚ ಕತ್ತರಿಸಿದೆ. ಅತ್ತೆಯನ್ನೇ ಮೂವತ್ತು ವರ್ಷ ಹೊತ್ತ ಮಂಚ, ಜುಜುಬಿ ಎಂಜಿನ್ನಿಗೆ ಹೆದರುತ್ತದೆಯೇ?

ನೊರ್ಬೆರ್ತೊ ಬಂದು ನೋಡಿದ. ಚುಟ್ಟಾ ಬಾಯಿಂದ ತೆಗೆದ.

"ಲೋ ಎಲಿಗಿಯೊ, ನಾಲ್ಕೂ ತಿರುಗೋ ಚಕ್ರ ಹಾಕಿದೀಯಲ್ಲೋ. ಎರಡು ತಿರುಗಲಿ, ಎರಡು ನೆಟ್ಟಗಿರಲಿ. ಇಲ್ದಿದ್ರೆ ಅದಕ್ಕೆ ಮುಂದೆ ಯಾವ್ದು ಹಿಂದೆ ಯಾವ್ದು ಅಂತಾನೇ ಗೊತ್ತಾಗಲ್ಲ."

"ಎರಡು ಕಾಲು ಕಟ್ಕೊಂಡು ಕುಣಿಯೋರು ನಿಮ್ಮಂಥೋರು. ನನ್ನ ಗಾಡಿ ನಾಲ್ಕು ದಿಕ್ಕಿಗೂ ಹೋಗುತ್ತೆ!"

"ಅದೇ ನನ್ನ ಭಯ."

ಬ್ರೇಕು ಇಲ್ಲವೆಂದು ಯಾರೂ ಹೇಳಬಾರದಲ್ಲ? ಹಿಂಬದಿಗೆ ಒಂದು ಹಲಗೆ, ಹಲಗೆಗೆ ಟೈರಿನ ತುಂಡು. ಕಾಲಲ್ಲಿ ಒತ್ತಿದರೆ ನೆಲಕ್ಕೆ ಉಜ್ಜಿ ನಿಲ್ಲಬೇಕು.

ಹಜಾರದಲ್ಲೇ ಪರೀಕ್ಷೆ ಇಟ್ಟೆ. ಒಬ್ದುಲಿಯಾ, ಅವಳ ತಂಗಿ ಎಲ್ಪಿಡಿಯಾ, ನೊರ್ಬೆರ್ತೊ, ಮೂವರನ್ನೂ ಗಾಡಿಯ ಮೇಲೆ ಕೂರಿಸಿದೆ. ಒಟ್ಟು ಇನ್ನೂರ ಮೂವತ್ತು ಕಿಲೊ, ಹೆಚ್ಚುಕಡಿಮೆ ಎಂಜಿನ್ನಿನಷ್ಟೇ. ಅದರಲ್ಲಿ ಯಾರದು ಎಷ್ಟು ಎಂದು ಹೇಳಿದರೆ ಈ ಬರಹ ಮುಗಿಸಲು ನಾನು ಉಳಿಯುವುದಿಲ್ಲ. ಒಂದು ಬೆರಳಲ್ಲಿ ತಳ್ಳಿದೆ. ಬೆಣ್ಣೆಯ ಮೇಲೆ ಬೆಣ್ಣೆ ಜಾರಿದ ಹಾಗೆ ಹೋಯಿತು!

"ಭಾವಾ, ಇನ್ನೊಂದು ಸುತ್ತು!" ಎಲ್ಪಿಡಿಯಾ ಚಪ್ಪಾಳೆ ಹೊಡೆದಳು.

ಒಬ್ದುಲಿಯಾ ಕೂಡ ನಕ್ಕಳು. ನನ್ನ ಎದೆ ಎರಡು ಗೇಣು ಉಬ್ಬಿತು. ನಮ್ಮ ಹಜಾರ ಮಟ್ಟಸ, ಬೀದಿ ಮಟ್ಟಸವಲ್ಲ ಎಂಬ ಪುಟ್ಟ ವಿಷಯ ಆ ಉಬ್ಬಿನ ಅಡಿ ಸಿಕ್ಕಿ ಸತ್ತಿತು.

ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಎಂಜಿನ್ನನ್ನು ಜಾಕಿ ಕೊಟ್ಟು ಎತ್ತಿ, ಗಾಡಿಗೆ ಇಳಿಸಿ, ಬೋಲ್ಟು ಹಾಕಿ ಬಿಗಿದೆ. ಆ ದಿನ ನಾನು ನೆಟ್ಟಗೆ ಮಾಡಿದ ಕೆಲಸ ಅದೊಂದೇ. ನೊರ್ಬೆರ್ತೊ ಮರದಡಿ ರಾಟೆಯ ಕೊಕ್ಕೆ ಹಿಡಿದು ನಿಂತ. ಬಾಗಿಲ ಮೆಟ್ಟಿಲಿಗೆ ಹಲಗೆ ಹಾಸಿ, ಗಾಡಿಯ ಹಿಂಬದಿಗೆ ಹಗ್ಗ ಕಟ್ಟಿ, ನಾನು ಒಂದು ಕೈ, ಒಬ್ದುಲಿಯಾ ಒಂದು ಕೈ ಹಿಡಿದು ಬೀದಿಗೆ ಬಿಟ್ಟೆವು.

ಮೊದಲ ಐದು ಹೆಜ್ಜೆ ರಾಜಗಾಂಭೀರ್ಯ. ಆರನೆಯದಕ್ಕೆ ಒಂದು ಚಕ್ರ ಬಲಕ್ಕೆ ನೋಡಿತು. ಇನ್ನೊಂದು ಎಡಕ್ಕೆ ನೋಡಿತು. ಉಳಿದೆರಡು ಒಂದರ ಮುಖ ಒಂದು ನೋಡಿದವು. ಗಾಡಿ ಒಮ್ಮೆ ಸೊಂಟ ಬಳುಕಿಸಿ ಗರ್ರನೆ ಹಿಂದುಮುಂದಾಗಿ ತಿರುಗಿ, ಹಗ್ಗ ಹಿಡಿದ ನಮ್ಮಿಬ್ಬರನ್ನೂ ಎಳೆದುಕೊಂಡು ಕೆಳಗೆ ಹೊರಟಿತು!

"ಬ್ರೇಕು ಒತ್ರೀ!" ಒಬ್ದುಲಿಯಾ ಕೂಗಿದಳು.

"ಎಲ್ಲಿದೆ?"

"ನಿಮ್ಮ ಹಿಂದಿನ ಬ್ರೇಕು ಮುಂದೆ ಹೋಯ್ತು!"

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನ್ನ ಗಾಡಿ ನೆಲ ಡೊಂಕಿದ್ದದ್ದಕ್ಕೇ ಕುಣಿಯಿತು. ಅತ್ತೆಯ ಮಂಚದ ಟೊಳ್ಳು ಪೈಪುಗಳು ಬೀದಿಯ ಕಲ್ಲಿಗೆ ಢಣಢಣ ಢಕ್ಕ, ಢಣಢಣ ಢಕ್ಕ ಎಂದು ಬಡಿಯತೊಡಗಿದವು.

ಇನ್ನು ನಮ್ಮ ಊರಿನ ಗುಣ ಹೇಳಬೇಕು. ಜುಲೈ ಬಂತೆಂದರೆ ಕಾರ್ನಿವಲ್. ಬೀದಿಯಲ್ಲಿ ತಾಳ ಕೇಳಿದರೆ ಸಾಕು, ಅನ್ನ ಸೀಯುತ್ತಿದ್ದರೂ ಬಿಟ್ಟು ಬಂದು ಕೊಂಗಾ ಎಂಬ ಕುಣಿತದ ಮೆರವಣಿಗೆಯ ಹಿಂದೆ ಸೇರಿಕೊಳ್ಳುವುದು ಇಲ್ಲಿನವರ ರಕ್ತದಲ್ಲೇ ಇದೆ. ಏಕೆ, ಯಾರದು, ಎಲ್ಲಿಗೆ ಎಂದು ಕೇಳುವುದಿಲ್ಲ. ಮುಂದಿನವನ ಬೆನ್ನು ಹಿಡಿದು ಹೆಜ್ಜೆ ಹಾಕುವುದೇ!

ಒಂದು ಬಾಗಿಲು ತೆರೆಯಿತು, ಹತ್ತು ಬಾಗಿಲು ತೆರೆದವು. ಕೂದಲಿಗೆ ಬಣ್ಣ ಹಚ್ಚಿಕೊಂಡಿದ್ದವಳು ಹಾಗೇ ಬಂದಳು. ಅರ್ಧ ಗಡ್ಡ ಬೋಳಿಸಿದ್ದವನು ಅರ್ಧ ನೊರೆಯಲ್ಲೇ ಬಂದ. ಬ್ರೇಕು ರಿಪೇರಿಯವನು ಹಳೇ ಬ್ರೇಕ್ ಡ್ರಮ್ಮನ್ನೇ ಎತ್ತಿ ಸರಳಿನಿಂದ ಬಾರಿಸಿದ. ಯಾರೋ ಪುಣ್ಯಾತ್ಮ ಕಾರ್ನಿವಲ್‌ಗೆಂದೇ ಇಟ್ಟಿದ್ದ ಚೀನಿ ಓಲಗ ಊದಿಯೇ ಬಿಟ್ಟ. ಹಿಂದೆ ನೋಡಿದರೆ ಜನಸಾಗರ! ಅಷ್ಟೂ ಜನ ನಮ್ಮ ಬೆನ್ನಿಗೆ ಕೈಕೊಟ್ಟು ತಳ್ಳುತ್ತಿದ್ದಾರೆ.

"ಹಿಡೀರೋ, ಹಿಡೀರೋ!" ನಾನು ಕಿರುಚಿದೆ.

"ಹಿಡೀರೋ, ಹಿಡೀರೋ!" ಜನ ರಾಗವಾಗಿ ಹಾಡಿದರು.

"ಅಯ್ಯೋ, ನನ್ನ ಎಂಜಿನ್ನೋ!"

"ಅಯ್ಯೋ, ನನ್ನ ಎಂಜಿನ್ನೋ!" ಓಲಗ ಒಂದು ಸ್ವರ ಮೇಲೇರಿತು.

"ಈ ವರ್ಷದ ಹಾಡು ಬೊಂಬಾಟಾಗಿದೆ ಮೇಸ್ತ್ರಿ!" ನೊರೆಗಡ್ಡದವನು ನನ್ನ ಭುಜ ತಟ್ಟಿದ.

ಮಾವಿನ ಮರ ಬಂತು. ನೊರ್ಬೆರ್ತೊ ಬಾಯಿ ತೆರೆದು ನಿಂತಿದ್ದ.

"ಎಲಿಗಿಯೊ, ಇಲ್ಲೇ, ಇಲ್ಲೇ!"

"ಗೊತ್ತು ಕಣೋ!"

"ಮತ್ತೆ ನಿಲ್ಸು!"

"ನೀನೇ ನಿಲ್ಸು!"

ಅವನು ಕೊಕ್ಕೆ ಬೀಸಿದ. ಎಂಜಿನ್ ತಪ್ಪಿತು, ನನ್ನ ಷರ್ಟಿನ ಕಾಲರ್ ಸಿಕ್ಕಿತು. ಒಬ್ದುಲಿಯಾಳನ್ನೂ ಜನ ಬದಿಗೆ ದೂಡಿಕೊಂಡು ಹೋದರು. ಕಾರಿನ ಪಕ್ಕದಲ್ಲೇ, ಎಂಜಿನ್ ತೂಗಬೇಕಾದ ಜಾಗದಲ್ಲಿ ನಾನು ತುದಿಗಾಲಲ್ಲಿ ತೂಗುತ್ತಿದ್ದೆ. ಎಂಜಿನ್ ನನ್ನನ್ನು ಬಿಟ್ಟು ಊರಿನೊಂದಿಗೆ ಹೊರಟುಹೋಯಿತು.

ಷರ್ಟು ಹರಿದುಕೊಂಡು ಕೆಳಗೆ ಓಡಿದೆ. ಇಳಿಜಾರು ಮುಗಿದು ಬಂದರಿನ ಬಳಿ ನೆಲ ಮಟ್ಟಸವಾಗುವಲ್ಲಿ ಗಾಡಿ ತಾನಾಗಿಯೇ ನಿಂತಿತ್ತು. ಒಂದು ಗೀರೂ ಇಲ್ಲ! ಅಲ್ಲಿನ ಐಸ್‌ಕ್ರೀಮ್ ಅಂಗಡಿಯ ಮುಂದೆ ಒಂದು ಕ್ಯೂ ಇತ್ತು, ಅದರ ಕೊನೆಯಲ್ಲಿ ಅಚ್ಚುಕಟ್ಟಾಗಿ ನಿಂತಿತ್ತು. ಆಗಷ್ಟೇ ಬಂದ ಅಜ್ಜಿಯೊಬ್ಬಳು ಕ್ಯೂ ಸೇರುವ ಮುಂಚೆ ನಮ್ಮ ವಾಡಿಕೆಯಂತೆ ಕೇಳಿದಳು, "ಕೊನೆಯವರು ಯಾರಪ್ಪಾ?"

"ಈ ಎಂಜಿನ್ ಅಜ್ಜೀ," ಎಂದ ಮುಂದಿದ್ದವನು. ಅಜ್ಜಿ ತಲೆಯಾಡಿಸಿ ಎಂಜಿನ್ನಿನ ಹಿಂದೆ ನಿಂತಳು.

ಹನ್ನೊಂದು ಗಂಟೆ ಹೊಡೆಯಿತು. ಮೇಲಕ್ಕೆ ಎಳೆದು ನೋಡಿದೆವು. ಇಪ್ಪತ್ತು ಜನ ಉತ್ತರಕ್ಕೆ ಎಳೆದರೆ ಗಾಡಿ ಪೂರ್ವಕ್ಕೆ ಏಡಿಯ ಹಾಗೆ ಸರಿಯಿತು. ನಾಲ್ಕು ದಿಕ್ಕಿಗೂ ಹೋಗುವ ಗಾಡಿ ಮೇಲೆ ಎಂಬ ಐದನೇ ದಿಕ್ಕಿಗೆ ಮಾತ್ರ ಹೋಗಲೊಲ್ಲದು! ಹನ್ನೆರಡಾಯಿತು. ಈಗ ಎಂಜಿನ್ ಮೇಲೆ ಹೋದರೂ ಕೂರಿಸಿ ಹೂಡುವುದಕ್ಕೆ ಆರು ತಾಸು ಬೇಕು.

ಕೂದಲಿಗೆ ಸುರುಳಿ ಕಟ್ಟಿಕೊಂಡೇ ಯಾನೆಲಿಸ್ ಓಡಿ ಬಂದಳು, ಹಿಂದೆ ಒಬ್ದುಲಿಯಾ.

"ತಾತಾ, ನಾಲ್ಕು ಗಂಟೆಗೆ ಕಾರು ಹೊರಡುತ್ತೆ ತಾನೇ?"

ಎಣ್ಣೆಮೆತ್ತಿದ ಕೈಯನ್ನು ಹರಿದ ಷರ್ಟಿಗೆ ಒರೆಸಿಕೊಂಡು, ಇಲ್ಲವೆಂದು ತಲೆಯಾಡಿಸಿದೆ. ಹುಡುಗಿಯ ಕಣ್ಣು ತುಂಬಿತು. ಹದಿನೈದು ಒಂದೇ ಸಲ ಬರುವುದು.

ಒಬ್ದುಲಿಯಾ ಐಸ್‌ಕ್ರೀಮಿನ ಕಟ್ಟೆ ಹತ್ತಿ ಸೊಂಟಕ್ಕೆ ಕೈಯಿಟ್ಟಳು.

"ಏನ್ರಯ್ಯಾ! ಒಂದು ತುಕ್ಕು ಎಂಜಿನ್ನಿಗೆ ಇಷ್ಟು ಕುಣಿದ್ರಿ. ನನ್ನ ಮೊಮ್ಮಗಳಿಗೆ ಕುಣಿಯೋಕೆ ಕಾಲು ನೋಯುತ್ತಾ?"

ನಾಲ್ಕು ಗಂಟೆಗೆ ಸರಿಯಾಗಿ ಕಾರು ಹೊರಟಿತು. ಮುಂದೆ ಎರಡು ಹಗ್ಗ, ಹಿಂದೆ ಎರಡು ಹಗ್ಗ, ಸುತ್ತ ಇಡೀ ಬೀದಿ. ಓಲಗ, ಡ್ರಮ್ಮು, ಡೋಲು! ಯಾನೆಲಿಸ್ ಗುಲಾಬಿ ಗೌನಿನಲ್ಲಿ ಎದ್ದು ನಿಂತು ರಾಣಿಯ ಹಾಗೆ ಕೈ ಬೀಸಿದಳು. ಇಳಿಜಾರಿನಲ್ಲಿ ಹಿಡಿದು ಇಳಿಸಿದರು, ಏರಿನಲ್ಲಿ ಹಾಡುತ್ತ ಎಳೆದರು. ಹೊಗೆಯಿಲ್ಲ, ಕೆಮ್ಮಿಲ್ಲ, ನಡುಬೀದಿಯಲ್ಲಿ ಬಾನೆಟ್ ಎತ್ತುವ ಗೋಳಿಲ್ಲ. ಗೌನಿನ ಮೇಲೆ ಒಂದು ಮಸಿ ಚುಕ್ಕೆಯೂ ಬೀಳಲಿಲ್ಲ. ನಲವತ್ತು ವರ್ಷ ಎಂಜಿನ್ನಿಗೇ ಬಾಳು ಸವೆಸಿದ ನಾನು ಸ್ಟೀರಿಂಗ್ ಹಿಡಿದು ತೆಪ್ಪಗೆ ಕೂತಿದ್ದೆ.

ಸೋಮವಾರ ಬೆಳಗ್ಗೆ ಆಚೆ ಬೀದಿಯ ಹೆಂಗಸೊಬ್ಬಳು ಬಾಗಿಲಿಗೆ ಬಂದಳು.

"ಮೇಸ್ತ್ರಿ, ಆಗಸ್ಟಿನಲ್ಲಿ ನನ್ನ ಮಗಳಿಗೆ ಹದಿನೈದು. ನಿಮ್ಮ ಕಾರೇ ಬೇಕಂತೆ ಅವಳಿಗೆ." ಸಂಕೋಚದಿಂದ ಕೈವಸ್ತ್ರ ತಿರುಚಿದಳು. "ಒಂದೇ ಬೇಡಿಕೆ. ದಯವಿಟ್ಟು ಅಲ್ಲೀವರೆಗೂ ಅದಕ್ಕೆ ಎಂಜಿನ್ ಹಾಕ್ಬೇಡಿ."

ನಾನು ಸಿಡಿಯಲು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ ಒಬ್ದುಲಿಯಾ ಕೂಗಿ ಹೇಳಿದಳು:

"ಧೈರ್ಯವಾಗಿ ಹೋಗಮ್ಮ! ಎಂಜಿನ್ ಸಾಗಿಸೋ ಗಾಡಿ ಮಾಡಿಟ್ಟಿದ್ದಾರಲ್ಲ ನಮ್ಮ ಯಜಮಾನ್ರು. ಆ ಗಾಡಿ ಇರೋವರೆಗೂ ಎಂಜಿನ್ನು ಕಾರಿನ ಹತ್ರ ಸುಳಿಯೋದು ಅಷ್ಟರಲ್ಲೇ ಇದೆ!"