ತೇಗು ಬಾರದ ಬ್ರೇಕು

"ಈ ಭಾನುವಾರ ಅಮ್ಮನ್ನ ಅಪ್ಪನ ಕಾರಲ್ಲಿ ಕೂರಿಸಿ ರಾಣಿ ಥರ ಒಂದು ಸುತ್ತು ಹಾಕಿಸ್ತೀನಿ. ಆಗದಿದ್ರೆ ಜನ್ಮದಲ್ಲಿ ಸ್ಪ್ಯಾನರ್ ಮುಟ್ಟೋದಿಲ್ಲ!"

ಗಂಡ ಹೀಗೆ ಘೋರ ಪ್ರತಿಜ್ಞೆ ಮಾಡುತ್ತಿದ್ದಂತೆ ಅವಳ ಹೆಗಲ ಮೇಲಿದ್ದ ಮಗು ಹಾಲು ಕಕ್ಕಿತು. ಅದರರ್ಥ ಅವಳಿಗೆ ಆಗಲೇ ತಿಳಿಯಬೇಕಿತ್ತು.

ವಿಷಯವೇನೂ ನಗುವಂಥದ್ದಲ್ಲ. ಮಾವ ತೀರಿಕೊಂಡ ಮೇಲೆ ಅತ್ತೆ ಹೊಸ್ತಿಲು ದಾಟಿರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದು, ಮೊಮ್ಮಗಳ ಮುಖವೂ ಮಂಜು ಮಂಜು. ಆಪರೇಷನ್ ಮಾಡಿಸೋಣ ಎಂದರೆ, "ನೋಡೋಕೆ ಇನ್ನೇನಿದೆ?" ಎಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಒಮ್ಮೆ ಮಾತ್ರ, "ಅವರ ಕಾರಾಗಿದ್ರೆ ಹೋಗ್ತಿದ್ನೇನೋ" ಎಂದರು. ಅಷ್ಟೇ ಸಾಕಾಯಿತು! ಷೆಡ್ಡಿನಲ್ಲಿ ತುಕ್ಕು ಹಿಡಿದು ಕೂತಿದ್ದ ಮಾವನ ಹಳೇ ಕಾರನ್ನು ಗಂಡ ತಿರುಪು ತಿರುಪಾಗಿ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದ. ಎಂಜಿನ್ ಗುರುಗುಟ್ಟಿತು. ದೀಪ ಹತ್ತಿತು. ಬ್ರೇಕ್ ಮಾತ್ರ ಕಾಲಿಟ್ಟರೆ ಹಳೇ ದಿಂಬಿನಂತೆ ಕುಸಿಯುತ್ತಿತ್ತು.

"ಪೈಪಿನ ಎಣ್ಣೆಯೊಳಗೆ ಗಾಳಿ ಸೇರಿದೆ. ಬಿಡಿಸಿದ್ರೆ ಮುಗೀತು. ನೀನು ಪೆಡಲ್ ಒತ್ತು, ಸಾಕು."

ಸಾಕಾಗಲಿಲ್ಲ. ಅವನು ಗಾಳಿ ಬಿಡುವ ತಿರುಪು ಹಿಡಿದು ಚಕ್ರದ ಪಕ್ಕ ನೆಲದ ಮೇಲೆ, ಅವಳು ಸ್ಟೀರಿಂಗಿನ ಹಿಂದೆ, ಮಗು ಅವಳ ಮಡಿಲಲ್ಲಿ.

"ಒತ್ತು!"

"ಒತ್ತಿದೆ."

"ಹಿಡ್ಕೋ... ಬಿಡು! ಬಿಡು ಅಂದ್ನಲ್ಲ!"

"ಹೆರಿಗೆ ಮಾಡಿಸಿದ ಡಾಕ್ಟ್ರೂ ನನ್ನ ಮೇಲೆ ಇಷ್ಟು ಕೂಗಾಡಿರಲಿಲ್ಲ ಕಣ್ರೀ!"

ಎಣ್ಣೆ ಡಬ್ಬಿಗಟ್ಟಲೆ ಹರಿಯಿತು. ಪೈಪು ಹೊಸದಾಯಿತು, ಸಿಲಿಂಡರ್ ಹೊಸದಾಯಿತು. ಮಗುವಿನ ಬಟ್ಟೆಗಳೆಲ್ಲ ಒರೆಸುವ ಅರಿವೆಗಳಾದವು. ಕೊನೆಗೆ "ಪರವಾಗಿಲ್ಲ, ಹಿಡಿಯುತ್ತೆ" ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡು ಗಂಡ ಒಬ್ಬನೇ ಪ್ರಯೋಗಕ್ಕೆ ಹೊರಟ. ಬೀದಿ ಸುತ್ತಿ ಬಂದ ಕಾರು ಸ್ವಂತ ಗೇಟಿಗೆ ಕ್ಯಾರೇ ಎನ್ನದೆ ಮುಂದೆ ತೇಲಿತು. ಹ್ಯಾಂಡ್‌ಬ್ರೇಕ್ ಎಳೆದದ್ದಕ್ಕೆ, ಪಕ್ಕದ ಮನೆಯ ಗೇಟಿನ ಮುಂದೆ, ಒಂದು ಹೂಕುಂಡದ ಪ್ರಾಣ ತೆಗೆದು ನಿಂತಿತು!

ಆ ಮನೆಯ ಮೇಷ್ಟ್ರು ಹೊರಬಂದರು. ಸದ್ದಿಗೆ ಓಡಿಬಂದ ಅವಳು ಬೈಗುಳಕ್ಕೆ ತಲೆ ತಗ್ಗಿಸಿ ನಿಂತಳು. ಮೇಷ್ಟ್ರು ನಕ್ಕುಬಿಟ್ಟರು. "ಭೇಷ್! ಥೇಟ್ ಅಪ್ಪನ ಮಗ ಕಣಯ್ಯ ನೀನು!"

ತನ್ನ ರಿಪೇರಿಯನ್ನೇ ಹೊಗಳಿದರೆಂದು ಗಂಡ ಬೀಗಿದ.

ಅವಳು ಒಳಗೆ ಬಂದಾಗ ಅತ್ತೆ ಹಾಸಿಗೆಯಲ್ಲಿ ಎದ್ದು ಕೂತಿದ್ದರು. ಮುಖ ಪಕ್ಕದ ಮನೆಯ ಕಡೆಗಿತ್ತು. "ಬಂದ್ರಾ?" ಎಂದರು.

"ಹ್ಞೂಂ ಅತ್ತೆ, ಬಂದ್ರು. ಅಲ್ಲೇ ಬ್ರೇಕ್ ನೋಡ್ತಿದ್ದಾರೆ."

ಅತ್ತೆ ಮತ್ತೆ ಗೋಡೆಯತ್ತ ತಿರುಗಿ ಮಲಗಿದರು.

ಶನಿವಾರ ಸಂಜೆ ಗಂಡ ಷೆಡ್ಡಿನ ನೆಲದ ಮೇಲೆ ತಲೆ ಮೇಲೆ ಕೈ ಹೊತ್ತು ಕೂತಿದ್ದ. "ಅಪ್ಪನದು ಅಂತ ಇರೋದು ಇದೊಂದು. ಇದನ್ನೂ ಉಳಿಸ್ಕೊಳ್ಳೋ ಯೋಗ್ಯತೆ ಇಲ್ಲ ನಂಗೆ."

ಅವಳು ಹಾಲು ಕುಡಿದ ಮಗುವನ್ನು ಹೆಗಲಿಗೆ ಹಾಕಿ ಬೆನ್ನು ತಟ್ಟಿದಳು. ಮಗು ತೇಗಿತು. ಆಗ ಅವಳ ಕಣ್ಣು ಬಿಚ್ಚಿಟ್ಟ ಚಕ್ರದತ್ತ ಹೋಯಿತು.

"ರೀ, ಆ ಗಾಳಿ ಬಿಡೋ ತಿರುಪು ಯಾಕೆ ಬುಡದಲ್ಲಿದೆ?"

"ಅದಿರೋದೇ ಅಲ್ಲಿ."

"ಗಾಳಿ ಮೇಲಕ್ಕಲ್ವಾ ಬರೋದು? ಮಗೂನ ತಲೆಕೆಳಗೆ ಹಿಡ್ಕೊಂಡು ತೇಗು ಅಂದ್ರೆ ತೇಗುತ್ತಾ?"

ಅವನು ಎಡ ಚಕ್ರ ನೋಡಿದ. ಬಲ ಚಕ್ರ ನೋಡಿದ. ಹೆಂಡತಿಯ ಮುಖವನ್ನು ಮಾತ್ರ ನೋಡಲಿಲ್ಲ. ಎಡದ ಬ್ರೇಕನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಜೋಡಿಸಿದ್ದ ಮಹಾನುಭಾವ! ಅದಲು ಬದಲು ಮಾಡಿದ. ತಿರುಪು ಮೇಲಕ್ಕೆ ಬಂತು. ಗುಳುಗುಳು ಎಂದು ಗಾಳಿ ಹೊರಬಿದ್ದು ಪೆಡಲ್ ಕಲ್ಲಿನಂತೆ ಗಟ್ಟಿಯಾಯಿತು.

ಭಾನುವಾರ ಅತ್ತೆ ಮುಂದಿನ ಸೀಟಿನಲ್ಲಿ, ಅವಳು ಮಗುವಿನೊಂದಿಗೆ ಹಿಂದೆ. ಸುತ್ತು ಮುಗಿಯುವವರೆಗೂ ಅತ್ತೆ ಕಿಟಕಿಗೆ ಮುಖ ಕೊಟ್ಟು ಕೂತಿದ್ದರು. ಗಂಡ ಸ್ವಂತ ಗೇಟಿನೆದುರು, ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಕಾರು ನಿಲ್ಲಿಸಿ, ಪದಕಕ್ಕೆ ಕೊರಳೊಡ್ಡಿದವನಂತೆ ತಿರುಗಿದ.

"ಇಳಿಯಮ್ಮ, ಮನೆ ಬಂತು."

"ಇನ್ನೂ ಬಂದಿಲ್ಲಪ್ಪ."

"ಇದೇ ಅಲ್ವೇನಮ್ಮ ನಮ್ಮ ಗೇಟು!"

"ಕಣ್ಣು ಕಾಣದಿದ್ರೂ ಅಷ್ಟು ಗೊತ್ತಾಗುತ್ತೆ. ನಿಮ್ಮಪ್ಪ ಒಂದಿನಾನಾದ್ರೂ ಇಲ್ಲಿ ನಿಲ್ಸಿದ್ದುಂಟಾ? ಬ್ರೇಕ್ ಒತ್ತಿದ್ರೆ ಮೇಷ್ಟ್ರ ಗೇಟಿಗೆ ಹೋಗೇ ನಿಲ್ತಿತ್ತು. ಅಲ್ಲಿಂದ ನಿಮ್ಮಪ್ಪನ್ನ ಬೈಕೊಂಡು ನಡ್ಕೊಂಡು ಬರ್ತಿದ್ದೆ."

ಮೊನ್ನೆ ಅತ್ತೆ "ಬಂದ್ರಾ?" ಎಂದು ಕೇಳಿದ್ದು ಯಾರ ಬಗ್ಗೆಯೆಂದು ಅವಳಿಗೆ ಆಗ ಹೊಳೆಯಿತು. ಮಗುವನ್ನು ಎದೆಗೊತ್ತಿಕೊಂಡಳು.

ಗಂಡ ಬ್ರೇಕಿನಿಂದ ಕಾಲು ತೆಗೆದ. ಕಾರು ಪಕ್ಕದ ಗೇಟಿನ ತನಕ ತೆವಳಿ ನಿಂತಿತು. ಅತ್ತೆ ಇಳಿದು, ಸೊಸೆಯ ತೋಳು ಹಿಡಿದು, ಮೂಗು ಒರೆಸಿಕೊಳ್ಳುತ್ತಾ ಮನೆಯತ್ತ ನಡೆದರು.

"ನಾಳೆ ಕಣ್ಣಿನ ಡಾಕ್ಟ್ರ ಹತ್ರ ಹೋಗೋಣ ಕಣೇ. ಅಷ್ಟರೊಳಗೆ ನಿನ್ನ ಗಂಡನಿಗೆ ಹೇಳು, ಆ ಬ್ರೇಕನ್ನ ಒಂಚೂರು ಕೆಡಿಸಿಡಲಿ!"