ಹಿಟ್ಟಿನ ಮಿಲ್ಲಿನ ಪಕ್ಕದ ಕಂಪ್ಯೂಟರು

ಬೆಳಗ್ಗೆ ಸ್ನಾನವಾಗಿ ಲಿಂಗಪೂಜೆ ಮುಗಿದ ಮೇಲೆ ನಾನು ನಾಲ್ಕು ಕಡೆ ವಿಭೂತಿ ಹಚ್ಚುತ್ತೇನೆ. ಮೊದಲು ನನ್ನ ಹಣೆಗೆ, ಆಮೇಲೆ ಒಲೆಗೆ, ಆಮೇಲೆ ಹೊಸಿಲಿಗೆ, ಕೊನೆಗೆ ಕಂಪ್ಯೂಟರಿಗೆ. ಜ್ವರ ಬಂದರೂ, ನೆಂಟರು ಬಂದರೂ ಇದು ತಪ್ಪಿದ್ದಿಲ್ಲ. ಮೊದಲ ಮೂರಕ್ಕೆ ನೀರಿನಲ್ಲಿ ಕಲಸಿ ಮೂರು ಬೆರಳಲ್ಲಿ ಎಳೆಯುತ್ತೇನೆ. ಕಂಪ್ಯೂಟರಿಗೆ ಮಾತ್ರ ಒಣ ವಿಭೂತಿ. ಕರೆಂಟಿನ ಸಾಮಾನಿಗೆ ನೀರು ಸೋಕಿಸಬಾರದು ಎಂಬ ತಾಂತ್ರಿಕ ಜ್ಞಾನ ಉಳ್ಳವಳು ನಾನು. (ನಮ್ಮ ಪುರವರ ಊರಿನಲ್ಲೆಲ್ಲ ಇಷ್ಟು ಎಚ್ಚರವಿರುವ ಹೆಂಗಸು ನಾನೊಬ್ಬಳೇ ಎಂಬ ಸಣ್ಣ ಹೆಮ್ಮೆಯೂ ನನಗಿತ್ತು. ಇತ್ತು.)

ನನ್ನ ಹೆಸರು ಶಿವರುದ್ರಮ್ಮ. ಓದಿದ್ದು ಪಿಯುಸಿ, ಅದೂ ಕಲಾ ವಿಭಾಗ. ರಿಪೇರಿ ವಿದ್ಯೆ ಕಲಿತದ್ದು ಬರೀ ಸಿಟ್ಟಿನಿಂದ. ಪೇಟೆಯ ಅಂಗಡಿಯೊಂದರವರು ನಮ್ಮ ಮಿಕ್ಸಿಯನ್ನು ಇಪ್ಪತ್ಮೂರು ದಿನ ಇಟ್ಟುಕೊಂಡು, ಹೋದಾಗಲೆಲ್ಲ "ನಾಳೆ ಬನ್ನಿ" ಎನ್ನುತ್ತಿದ್ದರು. ಇಪ್ಪತ್ಮೂರು ದಿನ ಒರಳಿನಲ್ಲಿ ಚಟ್ನಿ ರುಬ್ಬಿದ ಮೇಲೆ ನನ್ನ ರಟ್ಟೆಗಳಿಗೆ ಜ್ಞಾನೋದಯವಾಯಿತು. ಮಿಕ್ಸಿಯನ್ನು ವಾಪಸು ತಂದು ನಾನೇ ಬಿಚ್ಚಿದೆ. ಒಳಗೆ ಒಂದು ವೈರು ಬಿಟ್ಟುಕೊಂಡಿತ್ತು, ಅಷ್ಟೇ. ಅದನ್ನು ಸೇರಿಸಿ ಸ್ವಿಚ್ಚು ಒತ್ತಿದಾಗ ಬಂದ ಗುರ್ರ್ ಎಂಬ ಸದ್ದು ನನ್ನ ಕಿವಿಗೆ ಗಂಟೆ ಜಾಗಟೆಯ ಹಾಗೆ ಕೇಳಿಸಿತು.

ಅಲ್ಲಿಂದ ಇಸ್ತ್ರಿಪೆಟ್ಟಿಗೆ, ರೇಡಿಯೋ, ಮೊಬೈಲು, ಕೊನೆಗೆ ಯಜಮಾನರು ಪ್ರಶ್ನೆಪತ್ರಿಕೆ ಟೈಪು ಮಾಡಲೆಂದು ತುಮಕೂರಿನಿಂದ ತಂದ ಹಳೆಯ ಕಂಪ್ಯೂಟರು. ಅದಕ್ಕೆ ಬೇಕಾದ ವಿದ್ಯೆಯನ್ನೆಲ್ಲ ಮೊಬೈಲಿನ ವಿಡಿಯೋಗಳಲ್ಲಿ ಕಲಿತೆ. ಹೆಚ್ಚಿನವು ಹಿಂದಿಯಲ್ಲಿರುತ್ತವೆ, ನನಗೆ ಹಿಂದಿ ಬಾರದು. ಸದ್ದು ನಿಲ್ಲಿಸಿ ಅವರ ಕೈಯನ್ನಷ್ಟೇ ನೋಡುತ್ತೇನೆ. ಸ್ಕ್ರೂಗಳನ್ನು ಇಡಲು ಹಳೆಯ ಒಗ್ಗರಣೆ ಡಬ್ಬಿ ಇದೆ. ಸಾಸಿವೆಯ ಬಟ್ಟಲಲ್ಲಿ ಸಣ್ಣವು, ಜೀರಿಗೆಯ ಬಟ್ಟಲಲ್ಲಿ ಉದ್ದನೆಯವು. (ಹೊಸ ಡಬ್ಬಿಗೂ ಹಳೆಯ ಡಬ್ಬಿಗೂ ಒಂದೇ ಒಂದು ಸಲ ಅದಲುಬದಲಾಗಿದೆ. ಯಜಮಾನರ ಹಲ್ಲು ಗಟ್ಟಿ, ಏನೂ ಆಗಲಿಲ್ಲ.)

ಊರಿನವರು ಸಾಮಾನು ತಂದರೆ ಮೊದಲು ಅವರ ಮಾತು ಪೂರ್ತಿ ಕೇಳುವುದು ನನ್ನ ಪದ್ಧತಿ. ಹೋದ ವರ್ಷ ಒಬ್ಬಾಕೆ "ಚಾರ್ಜು ಏರ್ತಿಲ್ಲ" ಎಂದು ಫೋನು ತಂದು, ನಾದಿನಿಯ ಮೇಲಿನ ದೂರನ್ನು ಮುಕ್ಕಾಲು ಗಂಟೆ ಹೇಳಿದರು. ನಾನು ತುಟಿ ಎರಡು ಮಾಡದೆ ಕೇಳಿದೆ. ಕೊನೆಗೆ, "ಆ ಸಿಟ್ನಲ್ಲೇ ನೋಡಮ್ಮ, ಕೈಲಿದ್ದ ಫೋನು ಬಸ್ಸಾರಿನ ಪಾತ್ರೆಗೆ ಬಿದ್ಬುಡ್ತು" ಎಂದರು. ತಾಳ್ಮೆಯಿಂದ ಕೇಳಿದರೆ ಅರ್ಧ ರಿಪೇರಿ ಆದಂತೆ. ಈ ಮಾತನ್ನು ನಾನು ಹತ್ತಾರು ಜನಕ್ಕೆ ಉಪದೇಶ ಮಾಡಿದ್ದೇನೆ.

ಹೀಗಿರುವಾಗ ಶಿವರಾತ್ರಿಯ ಹೊತ್ತಿಗೆ ಕಂಪ್ಯೂಟರಿಗೆ ಒಂದು ಹೊಸ ಪೆಟ್ಟಿಗೆ ತರಿಸಿದೆ. ಬೆನ್ನಿಗೆ ಫ್ಯಾನು, ಮುಂದೆ ನೀಲಿ ದೀಪ, ತಲೆಯ ಮೇಲೆ ಗಾಳಿಯಾಡಲು ಜರಡಿಯಂಥ ತೂತುಗಳು. ಹಳೆಯ ಪೆಟ್ಟಿಗೆಯ ಕರುಳನ್ನೆಲ್ಲ ತೆಗೆದು ಇದಕ್ಕೆ ಜೋಡಿಸಿದೆ.

ಯಜಮಾನರು ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ, "ಹಳೇ ಪೆಟ್ಗೆಗೆ ಏನಾಗಿತ್ತೇ?" ಎಂದರು. ನಮ್ಮ ಯಜಮಾನರು ರೇಣುಕಯ್ಯ, ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು.

"ಅದಕ್ಕೆ ಉಸಿರು ಕಟ್ತಿತ್ತು ರೀ."

"ನಂಗೂ ಕಟ್ತದೆ. ನಂಗೆ ಯಾವತ್ತು ತೂತು ಕೊರೀತೀಯ?"

ಎರಡು ವಾರವಾಗಿರಲಿಲ್ಲ, ಹೊಸ ಪೆಟ್ಟಿಗೆಯ ಕಂಪ್ಯೂಟರಿಗೆ ಮೂರ್ಛೆರೋಗ ಹಿಡಿಯಿತು. ನಲವತ್ತು ನಿಮಿಷ ಓಡುವುದು, ಒಳಗಿನ ಫ್ಯಾನು ಮುದುಕರ ಹಾಗೆ ಏದುಸಿರು ಬಿಡುವುದು, ಕಾದು ಕೆಂಡವಾಗಿ ತಾನೇ ಆರಿಹೋಗುವುದು. ನಾನು ಮೆಮೊರಿ ಹೆಚ್ಚಿಸಿದೆ. ಕರೆಂಟು ಕೊಡುವ ಡಬ್ಬ ಬದಲಿಸಿದೆ. ಪ್ರೊಸೆಸರಿನ ತಲೆಗೆ ಹೊಸದಾಗಿ ಪೇಸ್ಟು ಹಚ್ಚಿದೆ. (ಹಲ್ಲುಜ್ಜುವ ಪೇಸ್ಟಲ್ಲ, ಬಿಸಿ ಇಳಿಸುವ ಬೂದುಬಣ್ಣದ ಬೇರೆ ಪೇಸ್ಟು.) ರೋಗ ವಾಸಿಯಾಗಲಿಲ್ಲ. ಆದರೆ ಬಿಚ್ಚಿದಾಗಲೆಲ್ಲ ಒಳಗೆ ಬೆಳ್ಳಗೆ ನವಿರಾದ ಪುಡಿ ಕೂತಿರುತ್ತಿತ್ತು. ಪೇಂಟಿನ ಬ್ರಶ್ಶಿನಿಂದ ಗುಡಿಸಿದರೆ ಹತ್ತು ದಿನಕ್ಕೆ ಮತ್ತೆ ಅಷ್ಟೇ ಪುಡಿ.

ಕಾರಣ ಹೊಳೆಯಲು ನನಗೆ ಬಹಳ ಹೊತ್ತು ಬೇಕಾಗಲಿಲ್ಲ. ಅದೇ ಶಿವರಾತ್ರಿಯ ವಾರದಲ್ಲಿ ಪಕ್ಕದ ಸೈಟಿನಲ್ಲಿ ಮೋಹನ್ ಕುಮಾರ್ ಹಿಟ್ಟಿನ ಮಿಲ್ಲು ಹಾಕಿದ್ದ. ಮಿಲ್ಲು ಬಂತು, ಪುಡಿ ಬಂತು. ಇದಕ್ಕಿಂತ ಸಾಕ್ಷಿ ಬೇಕೆ? ನೇರವಾಗಿ ಹೋಗಿ ಕೇಳಿದೆ.

"ಮೋಹನ, ನಿನ್ ಮಿಲ್ಲಿನ ಹಿಟ್ಟು ನಮ್ಮ ಕಂಪ್ಯೂಟರಿನ ಹೊಟ್ಟೇಲಿ ಬಂದು ಕೂತೈತೆ."

"ಹೆಂಗಕ್ಕ ಬತ್ತದೆ? ನಡುವೆ ಎರಡು ಗೋಡೆ ಐತೆ. ಹಿಟ್ಟಿಗೇನು ಕಾಲೈತಾ?"

"ಗಾಳೀಲಿ ಬರುತ್ತೆ."

"ಅಂಗೆ ಬರಂಗಿದ್ರೆ ನೀವು ನನ್ನತ್ರ ರಾಗಿ ಯಾಕ್ ಬೀಸುಸ್ತೀರ? ಕಂಪ್ಯೂಟ್ರಿಂದಲೇ ತಕ್ಕೊಂಡು ಮುದ್ದೆ ತೊಳಸ್ಬೋದಲ್ಲ! ಅಲ್ಲಾ ಅಕ್ಕ, ನಾನು ಬೀಸೋದೇ ರಾಗಿ, ರಾಗಿ ಹಿಟ್ಟು ಅಂದ್ರೆ..."

"ನೀನು ವಾದ ಮಾಡಬೇಡ" ಎಂದು ಅಲ್ಲಿಗೇ ನಿಲ್ಲಿಸಿದೆ. (ತಾಳ್ಮೆಯಿಂದ ಕೇಳುವ ಪದ್ಧತಿ ಸಾಮಾನು ತಂದವರಿಗೆ ಮಾತ್ರ. ಸಾಮಾನು ಕೆಡಿಸಿದವರಿಗಲ್ಲ.)

ಮೋಹನ ಒಳ್ಳೆಯವನು. ನಮ್ಮ ಕಡೆಯ ಕಿಟಕಿಗೆ ಗೋಣಿತಾಟು ಕಟ್ಟಿದ. ಹಿಟ್ಟು ಹಿಡಿಯಲಿ ಎಂದು ಅದನ್ನು ದಿನಕ್ಕೆ ಮೂರು ಸಲ ನೀರು ಹಾಕಿ ನೆನೆಸಬೇಕು ಎಂದೆ. ಅದನ್ನೂ ಮಾಡಿದ. ಆರು ತಿಂಗಳು ಮಾಡಿದ. ಪುಡಿ ಮಾತ್ರ ಬರುತ್ತಲೇ ಇತ್ತು, ನಾನು ಅವನನ್ನು ಬೈಯುತ್ತಲೇ ಇದ್ದೆ.

ಶ್ರಾವಣದಲ್ಲಿ ವಿಷಯ ದೊಡ್ಡದಾಯಿತು. ಯಜಮಾನರ ಸ್ಕೂಲಿನ ಒಂದು ಕೋಣೆಯಲ್ಲಿ ಎಂಟು ಕಂಪ್ಯೂಟರುಗಳು ವಯಸ್ಸಾಗಿ ಪ್ಲಾಸ್ಟಿಕ್ ಹೊದ್ದು ಮಲಗಿದ್ದವು. ಯಾವುದೋ ಉತ್ಸಾಹದಲ್ಲಿ ಇವರು ಹೆಡ್‌ಮಿಸ್ಟ್ರೆಸ್ ಯಶೋಧರಾ ಮೇಡಂ ಮುಂದೆ, "ನಮ್ಮನೇಲಿ ಎಲ್ಲಾ ರಿಪೇರಿ ಮಾಡ್ತಾಳೆ ಮೇಡಂ" ಎಂದುಬಿಟ್ಟಿದ್ದರು. ಮೇಡಂ ಮೆದು ಮಾತಿನವರು, ಲೆಕ್ಕಾಚಾರದವರು. "ಭಾನುವಾರ ನಾನೇ ಮನೆಗೆ ಬರ್ತೀನಿ. ಅವರ ಸ್ವಂತ ಕಂಪ್ಯೂಟರು ಒಂದು ಗಂಟೆ ನಿಲ್ಲದೆ ಓಡಿದರೆ ಆ ಕೋಣೆ ಕೀಲಿಕೈ ಅವರಿಗೇ ಕೊಡ್ತೀನಿ" ಎಂದರಂತೆ.

ಎಂಟು ಕಂಪ್ಯೂಟರು! ನನಗೆ ಅವತ್ತು ಊಟ ರುಚಿಸಲಿಲ್ಲ. ಬೇರೆಯವರ ಮಿಕ್ಸಿ, ಫೋನು ಎಷ್ಟು ಬಿಚ್ಚಿದರೇನು? ಒಂದು ಇಡೀ ಕೋಣೆ ನನ್ನನ್ನು ನಂಬಿ ಕಾಯುತ್ತಿದೆ ಎನ್ನುವುದು ಬೇರೆಯೇ.

"ನೋಡೇ, ನೀನು ಸೋತ್ರೆ ದಿನಾ ಬೆಳಿಗ್ಗೆ ಆಯಮ್ಮನ ಮುಂದೆ ಸಹಿ ಹಾಕ್ಬೇಕಾದೋನು ನಾನು" ಎಂದರು ಇವರು.

ನಮ್ಮ ಅತ್ತೆ ಸಿದ್ದಗಂಗಮ್ಮನವರಿಗೂ ಸುದ್ದಿ ಮುಟ್ಟಿತು. ಶನಿವಾರವೇ ಸೀರೆ ಕುಪ್ಪಸ ಗಂಟು ಕಟ್ಟಿ ಕೊರಟಗೆರೆ ಕಡೆಯ ಬೆಟ್ಟಕ್ಕೆ ಹೊರಟು ನಿಂತರು. "ನೀನೇನೂ ಯೋಚ್ನೆ ಮಾಡ್ಬ್ಯಾಡ ಕಣಮ್ಮ. ಶ್ರಾವಣ ಸೋಮಾರ ಬ್ಯಾರೆ ಹತ್ರ ಐತೆ. ಶಿವನ್ನ ಕೇಳ್ಕಂಡು ನಿನ್ ಪೆಟ್ಗೆಗೂ ಒಂದು ದಾರಿ ಮಾಡ್ಸ್ಕಂಡ್ ಬತ್ತೀನಿ" ಎಂದರು.

ನಾನು ಮೋಹನನ ಹತ್ತಿರ ಹೋದೆ. "ಭಾನುವಾರ ಬೆಳಿಗ್ಗೆ ಮಿಲ್ಲು ನಿಲ್ಸಪ್ಪ."

"ಏನಕ್ಕ ನೀವು! ವಾರದ ರಾಗಿ ಎಲ್ಲ ಅವತ್ತೇ ಬರೋದು. ಜನ ನನ್ನೇ ಬೀಸ್ಬುಡ್ತಾರೆ."

"ನಿನ್ನ ಮಗಳೂ ಅದೇ ಸ್ಕೂಲಲ್ಲಿ ಓದೋದು ತಾನೇ?"

ಅವನು ಟೋಪಿ ತೆಗೆದು ಅದರ ಮೇಲಿನ ಹಿಟ್ಟು ಕೊಡವಿದ. "ಆಯ್ತು ಬುಡಿ" ಎಂದ.

ಶನಿವಾರ ಸಂಜೆ ಕಂಪ್ಯೂಟರನ್ನು ಪೂರ್ತಿ ಬಿಚ್ಚಿ, ಒಂದು ಕಣ ಪುಡಿಯೂ ಉಳಿಯದಂತೆ ಗುಡಿಸಿ, ಒರೆಸಿ, ಜೋಡಿಸಿದೆ. ಭಾನುವಾರ ಮಿಲ್ಲು ಮೌನ. ಲಿಂಗಪೂಜೆ ಮುಗಿಸಿ ಎಂದಿನಂತೆ ನಾಲ್ಕು ಕಡೆ ವಿಭೂತಿ ಹಚ್ಚಿದೆ. ಪರೀಕ್ಷೆಯ ದಿನವಲ್ಲವೆ, ಕಂಪ್ಯೂಟರಿಗೆ ಸ್ವಲ್ಪ ಹೆಚ್ಚೇ, ಒಂದು ಹಿಡಿಯಷ್ಟು ಸಲ್ಲಿಸಿದೆ.

ಹತ್ತಕ್ಕೆ ಸರಿಯಾಗಿ ಮೇಡಂ ಬಂದರು. ಉಪ್ಪಿಟ್ಟು, ಕಾಫಿ ಆಯಿತು. ಮಿಲ್ಲು ನಿಂತಿದ್ದರಿಂದ ಕೆಲಸವಿಲ್ಲದ ಮೋಹನನೂ ಬಂದು ಬಾಗಿಲಿಗೆ ಒರಗಿ ಕೈಕಟ್ಟಿ ನಿಂತ. ನಾನು ಸ್ವಿಚ್ಚು ಒತ್ತಿದೆ. ನೀಲಿ ದೀಪ ಹತ್ತಿತು. ಯಜಮಾನರು ಗಡಿಯಾರ ಹಿಡಿದು ಕೂತರು. ಮೇಡಂ ಸ್ಕೂಲಿನ ಹಳೆಯ ಫೋಟೋಗಳನ್ನು ಹಾಕಿ ಒಂದೊಂದಾಗಿ ನೋಡುತ್ತಿದ್ದರು.

"ನೋಡಿ ಮೇಡಂ, ಇವುಗಳಿಗೆ ಶತ್ರು ಅಂದರೆ ಪುಡಿ, ಧೂಳು" ಎಂದು ನಾನು ಉಪನ್ಯಾಸ ಶುರುಮಾಡಿದೆ. "ಮನೆಯವರಿಗೆ ಗೊತ್ತೇ ಆಗೋದಿಲ್ಲ. ಒಳಗೊಳಗೇ ಸೇರ್ಕೊಂಡು ಉಸಿರು ಕಟ್ಟಿಸುತ್ತೆ. ಅಕ್ಕಪಕ್ಕದವರು ಸ್ವಲ್ಪ ತಿಳ್ಕೊಂಡು ನಡೀಬೇಕು."

ಮೋಹನ ಬಾಗಿಲಲ್ಲಿ ಸಣ್ಣಗೆ ಕೆಮ್ಮಿದ.

ಹತ್ತೊಂಬತ್ತನೆಯ ನಿಮಿಷಕ್ಕೆ ಫ್ಯಾನು ಒಮ್ಮೆ ಜೋರಾಗಿ ನರಳಿತು. ಪರದೆ ಕಪ್ಪಾಯಿತು. ನೀಲಿ ದೀಪವೂ ಕಣ್ಣು ಮುಚ್ಚಿತು. ಯಜಮಾನರು ಗಡಿಯಾರವನ್ನು ಮಗುಚಿ ಮಡಿಲಲ್ಲಿಟ್ಟುಕೊಂಡರು.

"ಅಕ್ಕ, ಇವತ್ತು ಮಿಲ್ಲು ನಿಂತೈತೆ" ಎಂದ ಮೋಹನ.

"ಗೊತ್ತು."

"ಅಂಗಲ್ಲ, ಸುಮ್ನೆ ಗ್ಯಾಪನಕ್ಕೆ ಹೇಳ್ದೆ."

ಪೆಟ್ಟಿಗೆಯ ಪಕ್ಕದ ಬಾಗಿಲು ಬಿಚ್ಚಿದೆ. ಹಿಂದಿನ ಸಂಜೆ ಕನ್ನಡಿಯ ಹಾಗೆ ಒರೆಸಿದ್ದ ಒಳಭಾಗದಲ್ಲಿ ಬೆಳ್ಳನೆಯ ಪುಡಿ, ಫ್ಯಾನಿನ ರೆಕ್ಕೆಗಳ ಮೇಲೆಲ್ಲ ಬೆಳ್ಳನೆಯ ಪುಡಿ.

ಮೋಹನ ಒಳಗೆ ಬಂದು ಮಂಡಿಯೂರಿದ. ಒಂದು ಚಿಟಿಕೆ ತೆಗೆದು ಹೆಬ್ಬೆರಳಲ್ಲಿ ಉಜ್ಜಿದ, ಮೂಸಿದ. ಸ್ವಂತ ಮಿಲ್ಲು ಹಾಕುವ ಮೊದಲು ಬೇರೆಯವರ ಮಿಲ್ಲಿನಲ್ಲಿ ಹದಿನೈದು ವರ್ಷ ಕಳೆದ ಬೆರಳು ಅದು.

"ಅಕ್ಕ, ಆರು ತಿಂಗಳಿಂದ ಹೇಳಕ್ಕೆ ನೋಡ್ತಾ ಇದ್ದೆ, ನೀವು ಬುಡ್ಲಿಲ್ಲ. ನಾನು ಬೀಸೋದು ರಾಗಿ. ರಾಗಿ ಹಿಟ್ಟು ಕಪ್ಪಗಿರ್ತದೆ, ಇಷ್ಟು ಬೆಳ್ಳಗೆಲ್ಲಿ ಬತ್ತದೆ? ಇದು ಹಿಟ್ಟೇ ಅಲ್ಲ. ಇದು..."

ಅಷ್ಟಕ್ಕೇ ನಿಲ್ಲಿಸಿ ನನ್ನ ಹಣೆ ನೋಡಿದ. ಯಜಮಾನರು ನನ್ನ ಹಣೆ ನೋಡಿದರು. ಮೇಡಂ ಕನ್ನಡಕ ಸರಿಮಾಡಿಕೊಂಡು ನನ್ನ ಹಣೆ ನೋಡಿದರು.

"ಶಿವರುದ್ರಮ್ಮನೋರೇ, ಕಂಪ್ಯೂಟರಿಗೂ ಹಚ್ತೀರಾ?" ಎಂದರು ಮೇಡಂ, ಮೆತ್ತಗೆ.

"ಹ್ಞೂಂ."

"ದಿನಾ?"

"ದಿನಾ."

"ಎಲ್ಲಿಗೆ?"

ನಾನು ತಲೆಯ ಮೇಲಿನ ಜರಡಿ ತೂತುಗಳನ್ನು ತೋರಿಸಿದೆ. ತೋರಿಸುವಾಗಲೇ ನನಗೆ ಪೂರ್ತಿ ಅರ್ಥವಾಯಿತು. ಹಳೆಯ ಪೆಟ್ಟಿಗೆಯ ತಲೆ ಬೋಳು ತಗಡು. ಎಷ್ಟು ಹಚ್ಚಿದರೂ ಮೇಲೇ ಇರುತ್ತಿತ್ತು, ಸಂಜೆ ಒರೆಸುತ್ತಿದ್ದೆ. ಹೊಸದಕ್ಕೆ ಉಸಿರಾಡಲೆಂದು ತೂತು ಕೊಡಿಸಿದವಳು ನಾನೇ. ಅದೇ ತೂತಿನೊಳಗೆ ಪ್ರತಿ ಬೆಳಗ್ಗೆ, ಒದ್ದೆ ಮಾಡಿದರೆ ಅಪಾಯವೆಂಬ ತಾಂತ್ರಿಕ ಜ್ಞಾನದಿಂದ, ಒಣಗಿದ್ದನ್ನೇ ಸುರಿದವಳೂ ನಾನೇ.

"ಇವತ್ತೂ ಹಚ್ಚಿದ್ರಾ?"

"ಇವತ್ತು... ಒಂದು ಸ್ವಲ್ಪ ಜಾಸ್ತಿ."

ಯಜಮಾನರು ಕಣ್ಣು ಮುಚ್ಚಿ ಬೆರಳು ಎಣಿಸುತ್ತಿದ್ದರು. "ದಿನಕ್ಕೆ ಒಂದು ಚಿಟಿಕೆ ಅಂದ್ರೆ, ಆರು ತಿಂಗಳಿಗೆ ನೂರಾ ಎಂಬತ್ತು..."

"ನಿಮ್ಮ ಲೆಕ್ಕ ಸ್ಕೂಲಲ್ಲೇ ಇಟ್ಕೊಳ್ರೀ!"

ಮೊದಲು ನಕ್ಕವರು ಮೇಡಂ. ಆಮೇಲೆ ಮೋಹನ, ಗೋಡೆ ಹಿಡಿದುಕೊಂಡು. ಕೊನೆಗೆ ನಾನೂ ನಕ್ಕೆ. ಬೇರೆ ದಾರಿ ಇರಲಿಲ್ಲ. ನಕ್ಕು ಮುಗಿದ ಮೇಲೆ ಸೆರಗು ಸಿಕ್ಕಿಸಿಕೊಂಡು, ಮೂವರೂ ನೋಡುತ್ತಿದ್ದಂತೆಯೇ ಫ್ಯಾನು ಕಳಚಿ, ಬ್ರಶ್ಶಿನಿಂದ ಗುಡಿಸಿ, ಹೊಸದಾಗಿ ಪೇಸ್ಟು ಹಚ್ಚಿ ಜೋಡಿಸಿದೆ. ಒಂದು ಸ್ಕ್ರೂ ಕಾಣಲಿಲ್ಲ. ಯಜಮಾನರು ಭಯದಿಂದ ಉಪ್ಪಿಟ್ಟಿನ ತಟ್ಟೆ ದೂರ ತಳ್ಳಿದರು. ಸ್ಕ್ರೂ ಮೇಡಂ ಚಪ್ಪಲಿಯ ಹತ್ತಿರ ಸಿಕ್ಕಿತು.

ಹನ್ನೊಂದಕ್ಕೆ ಮತ್ತೆ ಸ್ವಿಚ್ಚು ಒತ್ತಿದೆ. ಹನ್ನೆರಡಾಯಿತು. ಮೇಡಂ ಎಲ್ಲಾ ಫೋಟೋ ನೋಡಿ ಮುಗಿಸಿದರು. ಮಧ್ಯಾಹ್ನ ಒಂದಾಯಿತು. ಕಂಪ್ಯೂಟರು ಬೆಕ್ಕಿನ ಮರಿಯ ಹಾಗೆ ಸಣ್ಣಗೆ ಗುರುಗುಡುತ್ತ ಕೂತೇ ಇತ್ತು.

ಮೇಡಂ ಬ್ಯಾಗಿನಿಂದ ಕೀಲಿಕೈ ತೆಗೆದು ನನ್ನ ಅಂಗೈಯಲ್ಲಿಟ್ಟರು. "ನಿಮ್ಮದಕ್ಕೆ ಏನಾಗಿತ್ತು ಅಂತಾದ್ರೂ ಗೊತ್ತಾಯ್ತು. ನಮ್ಮ ಎಂಟಕ್ಕೆ ಏನಾಗಿದೆ ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಆದ್ರೆ ಒಂದು ಮಾತು ಶಿವರುದ್ರಮ್ಮನೋರೇ. ಆ ಕೋಣೇಲಿ ಗೋಡೆಗೆ ಬೇಕಾದ್ರೆ ಹಚ್ಚಿ."

ಮೇಡಂ ಹೋದ ಮೇಲೆ ನಾನೇ ಹೋಗಿ ಮೋಹನನ ಕಿಟಕಿಯ ಗೋಣಿತಾಟು ಬಿಚ್ಚಿದೆ. ಆರು ತಿಂಗಳು ನೆನೆದು ನೆನೆದು ಅದರ ಮೇಲೆ ಎರಡು ರಾಗಿ ಪೈರು ಹುಟ್ಟಿತ್ತು. "ತಪ್ಪಾಯ್ತು ಮೋಹನ" ಎಂದೆ. ಅವನು ಆ ಪೈರು ನೋಡಿ, "ಬುಡಿ ಅಕ್ಕ, ನನ್ ಮಿಲ್ಲಿನದು ಕಾಳಾದ್ರೆ ಇಂಗೆ ಮೊಳಕೆ ಬತ್ತದೆ. ನಿಮ್ಮ ಪುಡಿ ಆರು ತಿಂಗಳಾದ್ರೂ ಮೊಳೀಲಿಲ್ಲ, ಆಗಲೇ ಗೊತ್ತಾಗ್ಬೇಕಿತ್ತು" ಎಂದ.

ಮರುದಿನ ಸೋಮವಾರ. ಪೂಜೆ ಮುಗಿಸಿ ಹಣೆಗೆ, ಒಲೆಗೆ, ಹೊಸಿಲಿಗೆ ಹಚ್ಚಿ ಕಂಪ್ಯೂಟರಿನ ಮುಂದೆ ಬಂದು ನಿಂತೆ. ಬೆರಳಲ್ಲಿ ವಿಭೂತಿ ಇತ್ತು. ಇಷ್ಟು ವರ್ಷದ ಪದ್ಧತಿ ಬಿಡಲು ಮನಸ್ಸು ಬಾರದು. ಕೊನೆಗೆ ಬಗ್ಗಿ, ಕಂಪ್ಯೂಟರು ಕೂತಿರುವ ಮರದ ಸ್ಟೂಲಿನ ಕಾಲಿಗೆ ಮೂರು ಬೆರಳು ಎಳೆದೆ. ಒದ್ದೆ ವಿಭೂತಿ, ಚೆನ್ನಾಗಿ ಹಿಡಿಯಿತು.

ಏಳುವ ಹೊತ್ತಿಗೆ ಅತ್ತೆ ಬಸ್ಸಿಳಿದು ಬಂದರು. ಚೀಲ ಕೆಳಗಿಡುವ ಮೊದಲೇ ಸೆರಗಿನ ಗಂಟು ಬಿಚ್ಚಿದರು. ಒಳಗೆ ಕೋಳಿಮೊಟ್ಟೆ ಗಾತ್ರದ ವಿಭೂತಿ ಗಟ್ಟಿ.

"ನಿನ್ ಪೆಟ್ಗೆಗೇ ಅಂತ ಗದ್ದಿಗೆ ಮ್ಯಾಲಿಟ್ಟು ಪೂಜೆ ಮಾಡ್ಸಿವ್ನಿ ಕಣಮ್ಮ. ಸೊಂಟ ನೋವಲ್ಲೂ ಅಷ್ಟು ಮೆಟ್ಲು ಹತ್ತಿವ್ನಿ. ನೀನು ಕೆಲ್ಸ ನೋಡ್ಕೋ ಹೋಗು. ಇನ್ಮ್ಯಾಲೆ ದಿನಾ ಬೆಳಿಗ್ಗೆ ನಾನೇ ಅದ್ರ ನೆತ್ತಿಗೆ ಹಚ್ಚಿ ಕೊಡ್ತೀನಿ."

ಗಟ್ಟಿಯನ್ನು ಉಜ್ಜುತ್ತ ನೆಟ್ಟಗೆ ಆ ತೂತುಗಳ ಕಡೆಗೇ ಹೊರಟರು. ಮದುವೆಯಾಗಿ ಹತ್ತೊಂಬತ್ತು ವರ್ಷ. ಅವರು ಕೊಟ್ಟ ಪ್ರಸಾದವನ್ನು ನಾನು ಒಂದು ದಿನವೂ ಬೇಡ ಎಂದವಳಲ್ಲ. ಓಡಿಹೋಗಿ ಅಡ್ಡ ನಿಂತು ಅವರ ಕೈ ಹಿಡಿದುಕೊಂಡೆ.

"ಅದಕ್ಕೆ ಬ್ಯಾಡಿ ಅತ್ತೆ" ಎಂದು ತಲೆ ಬಗ್ಗಿಸಿದೆ. "ನನ್ನ ನೆತ್ತಿಗೇ ಹಚ್ಚಿ. ಒಳಗೆ ಫ್ಯಾನು ಇಲ್ಲ."